ಮನೆಯ ಮೇಲೊಂದು ಗಾಳಿಯಂತ್ರ: ಪುಣೆಯ ತಾರಸಿಯಿಂದ ಒಂದು ಲೆಕ್ಕ

ಕೊಟೇಶನ್ ಕಾಗದ ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಒಂದು ಕಿಲೋವಾಟ್ ಗಾಳಿಯಂತ್ರಕ್ಕೆ 85,000 ರೂಪಾಯಿ. ಆರು ಮೀಟರಿನ ಕಬ್ಬಿಣದ ಕಂಬ, ಅದನ್ನು ನಾಲ್ಕು ಕಡೆಯಿಂದ ಎಳೆದು ಕಟ್ಟುವ ತಂತಿ ಸೇರಿ 30,000. ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ 35,000. 150 ಆಂಪಿಯರ್-ಅವರಿನ ಎರಡು ಟ್ಯೂಬ್ಯುಲರ್ ಬ್ಯಾಟರಿ 36,000. ವೈರು, ಅರ್ತಿಂಗ್, ಕೂಲಿ ಎಲ್ಲ ಸೇರಿ 14,000. ಒಟ್ಟು ಎರಡು ಲಕ್ಷ. ಕಾಗದದ ಕೊನೆಗೆ ದಪ್ಪ ಮರಾಠಿ ಅಕ್ಷರಗಳಲ್ಲಿ 'ವೀಜ್ ಬಿಲ್ ಶೂನ್ಯ', ಅಂದರೆ ಕರೆಂಟ್ ಬಿಲ್ ಸೊನ್ನೆ, ಅಂತ ಬರೆದು ಕೆಳಗೆರಡು ಗೆರೆ ಎಳೆದಿದ್ದಾರೆ.

ಈ ಕಾಗದ ಮನೆಗೆ ಬರಲು ಕಾರಣ ನಮ್ಮ ಸೋದರಮಾವ. ಗದಗ ಕಡೆಯವರು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ದಿನಾ ನೋಡುತ್ತ ಉಳುವವರು. ಅವುಗಳಿಗೆ ಆ ಕಡೆ ಜನ ಅನ್ನುವುದು 'ಫ್ಯಾನ್' ಅಂತಲೇ. ಕಳೆದ ಆಷಾಢದಲ್ಲಿ ಕಣ್ಣು ತೋರಿಸಲು ಪುಣೆಗೆ ಬಂದವರು ಧಾಯರಿಯ ನಮ್ಮ ರೋ ಹೌಸಿನ ತಾರಸಿ ಹತ್ತಿ ನಿಂತರು. ಹಗ್ಗದ ಮೇಲೆ ಒಣಹಾಕಿದ್ದ ಲುಂಗಿ ಪಕ್ಕದ ಮನೆ ಸೇರಿತ್ತು.

"ಇಷ್ಟು ಗಾಳಿ ಬಿಟ್ಟಿ ಹೊಂಟೈತಲ್ಲೋ ತಮ್ಮಾ! ನಮ್ಮ ಕಡೆ ಹೊಲದಾಗ ಅಷ್ಟುದ್ದ ಫ್ಯಾನ್ ನಿಂದರಿಸ್ಯಾರ. ನೀ ಮನಿ ಮ್ಯಾಗ ಒಂದು ಸಣ್ಣದರ ಕುಂದರಿಸಬಾರದೇನು?"

ಪ್ರಶ್ನೆ ಸಹಜವಾದದ್ದು. ಬಿಸಿಲಿಗೆ ಸೋಲಾರ್ ಇದ್ದ ಹಾಗೆ ಗಾಳಿಗೂ ಒಂದು ಇರಬೇಕಲ್ಲ. ಆದರೆ ಉತ್ತರ ಹುಡುಕಲು ಹೊರಟಾಗ ನನಗೆ ಗೊತ್ತಾದದ್ದು ಇಷ್ಟು: ಈ ವ್ಯವಹಾರದಲ್ಲಿ ಯಂತ್ರದ ಬೆಲೆ ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆ ನಿಮ್ಮ ತಾರಸಿಯ ಮೇಲೆ ವರ್ಷಪೂರ್ತಿ ಎಷ್ಟು ಗಾಳಿ ಬೀಸುತ್ತದೆ ಎಂಬುದು. ಅದನ್ನು ಯಾವ ಕೊಟೇಶನ್ನೂ ಬರೆಯುವುದಿಲ್ಲ.

'ಒಂದು ಕಿಲೋವಾಟ್' ಎಂಬ ಮಾತಿನಿಂದ ಶುರುಮಾಡೋಣ. ಸೋಲಾರ್‌ನಲ್ಲಿ ಒಂದು ಕಿಲೋವಾಟ್ ಅಂದರೆ ಒಳ್ಳೆಯ ಬಿಸಿಲಿನ ಮಧ್ಯಾಹ್ನ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ, ಮತ್ತು ಅಂಥ ಮಧ್ಯಾಹ್ನಗಳು ಪುಣೆಯಲ್ಲಿ ವರ್ಷಕ್ಕೆ ಇನ್ನೂರರ ಮೇಲೆ. ಗಾಳಿಯಂತ್ರದ ಮೇಲೆ ಬರೆದ ಒಂದು ಕಿಲೋವಾಟ್ ಸಿಗಬೇಕಾದರೆ ಗಾಳಿ ಸೆಕೆಂಡಿಗೆ 11-12 ಮೀಟರ್ ವೇಗದಲ್ಲಿ ಬೀಸಬೇಕು. ಅಂದರೆ ಗಂಟೆಗೆ 40-43 ಕಿಲೋಮೀಟರ್. ಆ ಗಾಳಿಯಲ್ಲಿ ಕೊಡೆ ಉಲ್ಟಾ ಆಗುತ್ತದೆ, ಸ್ಕೂಟರ್ ಓಡಿಸುವವನು ರಸ್ತೆ ಬದಿಗೆ ನಿಲ್ಲಿಸುತ್ತಾನೆ. ಪುಣೆಯಲ್ಲಿ ಅಂಥ ಗಾಳಿ ಬರುವುದು ಮೇ ತಿಂಗಳ ವಳವಾಚಾ ಪಾವೂಸಿನ ಮೊದಲ ಹತ್ತು ನಿಮಿಷ. ನಮ್ಮವರು ಅದಕ್ಕೆ ಅಡ್ಡಮಳೆ ಅನ್ನುತ್ತಾರೆ.

ಉಳಿದ ಹೊತ್ತಿನಲ್ಲಿ ಏನಾಗುತ್ತದೆ? ಈ ಇಡೀ ಲೇಖನದಲ್ಲಿ ನೆನಪಿಟ್ಟುಕೊಳ್ಳಬೇಕಾದ ಗಣಿತ ಒಂದೇ ಇದೆ, ಅದು ಇಲ್ಲಿದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೇ ಒಂದು ಪಾಲು.

ಎರಡು ಮೀಟರ್ ವ್ಯಾಸದ ರೆಕ್ಕೆ ಇರುವ ಯಂತ್ರವನ್ನು ತೆಗೆದುಕೊಳ್ಳಿ. ನನಗೆ ತೋರಿಸಿದ್ದೂ ಅದೇ ಅಳತೆಯದು. ತಿರುಗುವಾಗ ಅದು ಸುಮಾರು 3.14 ಚದರ ಮೀಟರ್ ಗಾಳಿಯನ್ನು ಹಿಡಿಯುತ್ತದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತುಸು ತೆಳು. ಒಂದು ಘನ ಮೀಟರಿಗೆ 1.1 ಕಿಲೋ ಅಂತ ಹಿಡಿದರೆ, ಸೆಕೆಂಡಿಗೆ 12 ಮೀಟರ್ ಬೀಸುವ ಗಾಳಿ ಆ ವೃತ್ತದಲ್ಲಿ ಸುಮಾರು 3,000 ವಾಟ್ ಹೊತ್ತು ತರುತ್ತದೆ. 6 ಮೀಟರಿನ ಗಾಳಿ ತರುವುದು 373 ವಾಟ್. 3 ಮೀಟರಿನ ಗಾಳಿ ತರುವುದು ಬರೀ 47 ವಾಟ್.

ಅದೂ ಪೂರ್ತಿ ನಮ್ಮ ಕೈಗೆ ಬರುವುದಿಲ್ಲ. ಗಾಳಿಯ ಶಕ್ತಿಯನ್ನೆಲ್ಲ ಹೀರಿಕೊಂಡರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಹಾಗಾಗಿ ಎಂಥ ಯಂತ್ರವಾದರೂ ಗರಿಷ್ಠ 59.3 ಶೇಕಡಾ ಮಾತ್ರ ಹಿಡಿಯಬಲ್ಲದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ. ಮನೆಬಳಕೆಯ ಸಣ್ಣ ಯಂತ್ರಗಳು ಕಾಲು ಭಾಗದಿಂದ ಮೂರನೇ ಒಂದು ಭಾಗ ಹಿಡಿದರೆ ಅದೇ ಜಾಣತನ. ಆಗ 12 ಮೀಟರಿನಲ್ಲಿ ಸಾವಿರ ವಾಟ್ ಕೊಡುವ ಯಂತ್ರ 3 ಮೀಟರಿನಲ್ಲಿ ಕೊಡುವುದು ಹನ್ನೆರಡು ವಾಟ್. ಒಂದು ಎಲ್‌ಇಡಿ ಬಲ್ಬು.

ಇಲ್ಲೇ ಕಣ್ಣು ಮೋಸಹೋಗುವುದು. ಸೆಕೆಂಡಿಗೆ ಮೂರು ಮೀಟರಿಗೆ ಯಂತ್ರ ತಿರುಗಲು ಶುರುಮಾಡುತ್ತದೆ, ನೋಡುವವರಿಗೆ ಗರಗರ ಅಂತ ಚೆನ್ನಾಗಿಯೇ ಕಾಣುತ್ತದೆ. ಮಾರುವವರು 'ಬರೀ 2.5 ಮೀಟರ್ ಗಾಳಿಗೂ ತಿರುಗುತ್ತದೆ' ಅನ್ನುವುದು ಸುಳ್ಳಲ್ಲ. ತಿರುಗುತ್ತದೆ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಟೆಯೂ ತಿರುಗುತ್ತದೆ.

ರಾಶಿ ಮಾಡುವ ಕಣವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಗಾಳಿ ಬಂದಾಗ ತೂರಿಕೋ' ಅನ್ನುವ ಗಾದೆ ಹುಟ್ಟಿದ್ದು ಬೇಕೆಂದಾಗ ಗಾಳಿ ಬರುವುದಿಲ್ಲ ಎಂಬ ಕಾರಣಕ್ಕೆ. ತೂರುವವನು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಎತ್ತರದ ಮಣೆ ಹತ್ತಿ ನಿಲ್ಲುತ್ತಿದ್ದ. ಊರೊಳಗಿನ ಅಂಗಳದಲ್ಲಿ ಕಣ ಮಾಡುತ್ತಿರಲಿಲ್ಲ, ಬಯಲಲ್ಲಿ ಮಾಡುತ್ತಿದ್ದರು. ಮಾಮಾನಿಗೆ ಈ ಮೂರೂ ಮಾತು ನನಗಿಂತ ಚೆನ್ನಾಗಿ ಗೊತ್ತು. ಆದರೆ ಪುಣೆಯ ತಾರಸಿಗೆ ಬಂದಾಗ ಅವರೂ ಮರೆತರು, ಲುಂಗಿ ಹಾರಿದ್ದನ್ನು ಕಂಡು ಮರುಳಾದರು.

ನಾನು ಅಂಗೈಯಲ್ಲಿ ಹಿಡಿಯುವ ಒಂದು ಗಾಳಿಮಾಪಕ ತರಿಸಿದೆ. ಆಷಾಢದಿಂದ ಕಾರ್ತಿಕದವರೆಗೆ ಬೆಳಿಗ್ಗೆ ಕಾಫಿ ಹೊತ್ತು, ಮಧ್ಯಾಹ್ನ ಮೂರು, ರಾತ್ರಿ ಹತ್ತು ಎಂದು ಕ್ಯಾಲೆಂಡರಿನ ಚೌಕಗಳಲ್ಲಿ ಗುರುತು ಹಾಕಿದೆ. ವಿಜ್ಞಾನಿಗಳು ಒಪ್ಪುವ ಅಳತೆ ಇದಲ್ಲ, ಆದರೆ ಕಣ್ಣು ತೆರೆಸಲು ಸಾಕಾಯಿತು. ಆಷಾಢದ ಮಧ್ಯಾಹ್ನಗಳಲ್ಲಿ ನಾಲ್ಕು, ಐದು, ನಡುವೆ ಬೀಸಿದ ಒಂದೊಂದು ಜೋರುಗಾಳಿಯಲ್ಲಿ ಒಂಬತ್ತು. ಅದೇ ದಿನ ರಾತ್ರಿ ಒಂದೂವರೆ. ಗಣಪತಿ ಹಬ್ಬ ಮುಗಿದ ಮೇಲೆ ಎರಡರ ಮೇಲೆ ಹೋದದ್ದೇ ಅಪರೂಪ. ದೀಪಾವಳಿ ಹೊತ್ತಿಗೆ ರಾತ್ರಿಯ ಚೌಕಗಳಲ್ಲಿ ಸಾಲಾಗಿ ಸೊನ್ನೆ. ಮಳೆಗಾಲದಲ್ಲಿ ಪಶ್ಚಿಮದಿಂದ ಬರುವ ಮಾನ್ಸೂನ್ ಗಾಳಿ ಘಟ್ಟ ದಾಟಿ ಪುಣೆಗೂ ತಲುಪುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಾಗಿ ಅದರ ಮೇಲಿನ ಗಾಳಿ ಮಂಜಿನಂತೆ ಕೂತುಬಿಡುತ್ತದೆ.

ವರ್ಷದ ಸರಾಸರಿ ಸೆಕೆಂಡಿಗೆ 3 ಮೀಟರ್ ಅಂತ ಉದಾರವಾಗಿಯೇ ಹಿಡಿಯೋಣ. ಗಾಳಿ ಒಂದೇ ಸಮ ಬೀಸುವುದಿಲ್ಲ, ಜೋರಾದ ಗಳಿಗೆಗಳು ಮಂದವಾದವುಗಳಿಗಿಂತ ಬಹಳ ಹೆಚ್ಚು ಕೊಡುತ್ತವೆ. ಹಾಗಾಗಿ ಸರಾಸರಿ ವೇಗದಿಂದ ಬರುವ ಉತ್ತರವನ್ನು ಹೆಚ್ಚುಕಡಿಮೆ ಎರಡರಿಂದ ಗುಣಿಸುವುದು ವಾಡಿಕೆ. ಗುಣಿಸಿ, ಜನರೇಟರ್, ಕಂಟ್ರೋಲರ್, ನಿಂತು ಶುರುವಾಗುವ ನಷ್ಟ ಎಲ್ಲ ಕಳೆದು ಒಟ್ಟಾರೆ 20 ಶೇಕಡಾ ನಮಗೆ ದಕ್ಕುತ್ತದೆ ಎಂದರೆ, ಆ ಎರಡು ಮೀಟರಿನ ಯಂತ್ರ ವರ್ಷಕ್ಕೆ ಕೊಡುವುದು ಸುಮಾರು 155 ಯೂನಿಟ್. ದಿನಕ್ಕೆ ಅರ್ಧ ಯೂನಿಟ್ಟೂ ಇಲ್ಲ. ಸರಾಸರಿ 4 ಮೀಟರ್ ಇದ್ದರೆ 370 ಯೂನಿಟ್, 5 ಇದ್ದರೆ 720, 6 ಇದ್ದರೆ 1,250. ಯಂತ್ರ ಅದೇ, ಬೆಲೆ ಅದೇ, ಜಾಗ ಮಾತ್ರ ಬೇರೆ. ಬರೀ ಜಾಗದಿಂದ ಎಂಟು ಪಟ್ಟು ವ್ಯತ್ಯಾಸ ಬರುವ ಇನ್ನೊಂದು ಮನೆಸಾಮಾನು ನನಗೆ ಗೊತ್ತಿಲ್ಲ.

ವಾಟ್ಸಾಪಿನಲ್ಲಿ ಸುತ್ತುವ ಒಂದು ಫಾರ್ವರ್ಡ್ ಇದೆ. ಸೀಲಿಂಗ್ ಫ್ಯಾನಿನಷ್ಟೇ ದೊಡ್ಡ ಯಂತ್ರ, ದಿನಕ್ಕೆ ಐದು ಯೂನಿಟ್, ಜೀವನಪೂರ್ತಿ ಕರೆಂಟ್ ಬಿಟ್ಟಿ. ನಮ್ಮ ಕನ್ನಡ ಬಳಗದ ಗುಂಪಿಗೆ ಅದು ವರ್ಷಕ್ಕೊಮ್ಮೆಯಾದರೂ ಬರುತ್ತದೆ, ಯುಗಾದಿ ಶುಭಾಶಯದ ಹಾಗೆ. ಎರಡು ಮೀಟರಿನ ರೆಕ್ಕೆಗೆ ದಿನಕ್ಕೆ ಐದು ಯೂನಿಟ್ ಬರಬೇಕಾದರೆ ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ ಏಳು ಮೀಟರ್ ಹತ್ತಿರ ಇರಬೇಕು. ಅಂಥ ಜಾಗದಲ್ಲಿ ಮನೆ ಕಟ್ಟಿದವರು ಕಿಟಕಿ ತೆರೆಯುವುದಿಲ್ಲ.

ಈಗ ದುಡ್ಡಿನ ಮಾತು. ಉಳಿತಾಯ ಲೆಕ್ಕ ಹಾಕುವಾಗ ಬಹಳ ಜನ ಒಟ್ಟು ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸುತ್ತಾರೆ. ಅದು ತಪ್ಪು. ಇಲ್ಲಿ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಮಹಾವಿತರಣದ ಮನೆಬಳಕೆಯ ದರ 100, 300, 500 ಯೂನಿಟ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾವು ಸ್ವಂತವಾಗಿ ಹುಟ್ಟಿಸಿದ ಪ್ರತಿ ಯೂನಿಟ್ಟು ಮೇಲಿನ ಮೆಟ್ಟಿಲಿನಿಂದ ಕಳೆಯುತ್ತದೆ. ನಮ್ಮ ಮನೆ ತಿಂಗಳಿಗೆ 250 ಯೂನಿಟ್ಟಿನದು. ನಾನು ಲೆಕ್ಕ ಹಾಕಿದಾಗ ಮೊದಲ ನೂರಕ್ಕೆ ಯೂನಿಟ್ಟಿಗೆ ಸುಮಾರು ಆರು ರೂಪಾಯಿ, ನೂರರ ಮೇಲಿನದಕ್ಕೆ ವೀಲಿಂಗ್ (ಕರೆಂಟ್ ಸಾಗಿಸುವ ಶುಲ್ಕ) ಸೇರಿ ಸುಮಾರು ಹನ್ನೊಂದೂವರೆ ಇತ್ತು, ಅದರ ಮೇಲೆ 16 ಶೇಕಡಾ ವಿದ್ಯುತ್ ಸುಂಕ. ಹಾಗಾಗಿ ನನಗೆ ಉಳಿಯುವ ಒಂದು ಯೂನಿಟ್ಟಿನ ಬೆಲೆ ಹದಿಮೂರು ರೂಪಾಯಿ. ಗಾಳಿಯಂತ್ರಕ್ಕೆ ಇದಕ್ಕಿಂತ ಅನುಕೂಲವಾದ ದರ ಹಾಕಲು ನನ್ನಿಂದಾಗದು.

155 ಯೂನಿಟ್, ಹದಿಮೂರು ರೂಪಾಯಿ: ವರ್ಷಕ್ಕೆ ಎರಡು ಸಾವಿರ. ಹಾಕಿದ್ದು ಎರಡು ಲಕ್ಷ. ನೂರು ವರ್ಷ.

ಇದು ಹಾಸ್ಯದಂತೆ ಕಂಡರೂ ನಿಜವಾದ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಟ್ಯೂಬ್ಯುಲರ್ ಬ್ಯಾಟರಿ ಐದು ವರ್ಷ ಬಾಳಿದರೆ ಪುಣ್ಯ. 36,000 ರೂಪಾಯಿಯ ಬ್ಯಾಟರಿಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 7,200 ರೂಪಾಯಿ ಬ್ಯಾಟರಿಗೇ ಹೋಗುತ್ತದೆ. ಗಳಿಸುವುದು ಎರಡು ಸಾವಿರ. ಜೊತೆಗೆ, ಬ್ಯಾಟರಿಯೊಳಗೆ ಹಾಕಿದ್ದರಲ್ಲಿ ಐದನೇ ಒಂದು ಪಾಲಾದರೂ ಹೊರಗೆ ಬರುವಷ್ಟರಲ್ಲಿ ಕರಗಿರುತ್ತದೆ. ಅಂದರೆ ನೂರು ವರ್ಷ ಕಾದರೂ ಅಸಲು ಹುಟ್ಟುವುದಿಲ್ಲ, ವರ್ಷ ವರ್ಷ ಕೈಯಿಂದ ಹಾಕಬೇಕು. ಬೇರಿಂಗಿಗೆ ಗ್ರೀಸು, ಬೋಲ್ಟು ಬಿಗಿಸುವುದು, ಕಂಬದ ತಂತಿ ಎಳೆಯುವುದು ಇವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಹಾಗಾದರೆ ಬ್ಯಾಟರಿ ಬಿಟ್ಟು ನೇರವಾಗಿ ಲೈನಿಗೆ ಜೋಡಿಸಿದರೆ? ಮಹಾರಾಷ್ಟ್ರದಲ್ಲಿ ಅದಕ್ಕೆ ಬಾಗಿಲು ತೆರೆದೇ ಇದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ 2019ರ ನೆಟ್ ಮೀಟರಿಂಗ್ (ನಾವು ಲೈನಿಗೆ ಬಿಟ್ಟ ಯೂನಿಟ್ಟನ್ನು ನಮ್ಮ ಬಿಲ್ಲಿನಿಂದ ಕಳೆಯುವ) ನಿಯಮಗಳ ಹೆಸರಿನಲ್ಲಿ ಸೋಲಾರ್ ಎಂಬ ಪದವಿಲ್ಲ, ತಾರಸಿಯ 'ನವೀಕರಿಸಬಹುದಾದ ಇಂಧನ' ಎಂದಿದೆ. ಬ್ಯಾಟರಿಯ ಖರ್ಚು ಹೋಗಿ ಸುಮಾರು 1.64 ಲಕ್ಷಕ್ಕೆ ಇಳಿಯುತ್ತದೆ. ಎಂಬತ್ತು ವರ್ಷ. ಆದರೆ ಇಲ್ಲಿ ಇನ್ನೊಂದು ಸಣ್ಣ ಕಿತಾಪತಿ. 155 ಯೂನಿಟ್ಟನ್ನು ವರ್ಷದ ಗಂಟೆಗಳಿಗೆ ಹಂಚಿದರೆ ಸರಾಸರಿ 18 ವಾಟ್ ಬರುತ್ತದೆ. ಇನ್ವರ್ಟರು ಸುಮ್ಮನೆ ಎಚ್ಚರವಾಗಿ ಕೂರಲಿಕ್ಕೇ ಒಂದಷ್ಟು ವಾಟ್ ತಿನ್ನುತ್ತದೆ. ಗಾಳಿಯಿಲ್ಲದ ಕಾರ್ತಿಕದ ರಾತ್ರಿಗಳಲ್ಲಿ ಅದು ಮಹಾವಿತರಣದ ಕರೆಂಟನ್ನೇ ತಿಂದು ಗಾಳಿಗಾಗಿ ಕಾಯುತ್ತಿರುತ್ತದೆ.

ಕೊಟೇಶನ್ ಕೊಟ್ಟವರು ಒಂದು ಒಳ್ಳೆಯ ವಾದ ಮಂಡಿಸಿದರು. "ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಆಗಲೇ ಗಾಳಿ ಜೋರು. ಎರಡೂ ಹಾಕಿಸಿ, ಹೈಬ್ರಿಡ್ ಮಾಡಿ, ಒಂದಕ್ಕೊಂದು ಜೋಡಿ." ಮೊದಲ ಎರಡು ಮಾತು ಸತ್ಯ. ಪಶ್ಚಿಮ ಭಾರತದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಗಾಳಿಯ ಸುಗ್ಗಿ, ಸೋಲಾರ್‌ಗೆ ಬರಗಾಲ. ಲೈನೇ ಇಲ್ಲದ ಕಾಡಿನ ಮನೆಗೆ ಈ ಜೋಡಿ ನಿಜಕ್ಕೂ ಉಪಯೋಗದ್ದು, ಬ್ಯಾಟರಿ ಸಣ್ಣದಾದರೂ ನಡೆಯುತ್ತದೆ. ಆದರೆ ನೆಟ್ ಮೀಟರ್ ಇದ್ದವನಿಗೆ ಲೈನೇ ಬ್ಯಾಟರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಿಕ್ಕಿದ್ದು ಜೂನ್-ಜುಲೈನ ಕೊರತೆ ತುಂಬುತ್ತದೆ, ಹೆಚ್ಚುವರಿ ಯೂನಿಟ್ಟುಗಳು ಆರ್ಥಿಕ ವರ್ಷದ ಕೊನೆಯವರೆಗೆ ಖಾತೆಯಲ್ಲಿ ಮುಂದುವರಿಯುತ್ತವೆ. ಹಾಗಿದ್ದಾಗ ಯಾವ ತಿಂಗಳಲ್ಲಿ ಹುಟ್ಟಿತು ಎಂಬುದಕ್ಕಿಂತ ಒಂದು ಯೂನಿಟ್ಟು ಎಷ್ಟಕ್ಕೆ ಹುಟ್ಟಿತು ಎಂಬುದೇ ಮುಖ್ಯವಾಗುತ್ತದೆ. ಆ ಪರೀಕ್ಷೆಯಲ್ಲಿ ಗಾಳಿ ಮೊದಲ ಸುತ್ತಿನಲ್ಲೇ ಹೊರಗೆ.

ಇಷ್ಟೆಲ್ಲ ಹೇಳಿದ ಮೇಲೂ ಮನಸ್ಸಿನಲ್ಲಿ ಒಂದು ಆಸೆ ಉಳಿದಿರುತ್ತದೆ: ಕಂಬವನ್ನು ಇನ್ನಷ್ಟು ಎತ್ತರ ಮಾಡಿದರೆ? ಎತ್ತರ ಹೋದಂತೆ ಗಾಳಿ ಹೆಚ್ಚುವುದು ನಿಜ. ನಗರದಲ್ಲಿ ಗಾಳಿ ಕಡಿಮೆ ಮಾತ್ರವಲ್ಲ, ಕಲಕಿದ್ದೂ ಹೌದು. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿ ಸುತ್ತುವುದನ್ನು ನೋಡಿದ್ದೀರಲ್ಲ, ಪ್ರತಿ ಕಟ್ಟಡದ ಹಿಂದೆ ಗಾಳಿಯೂ ಹಾಗೆಯೇ ಸುತ್ತುತ್ತದೆ. ಸುಳಿಯಲ್ಲಿ ಸಿಕ್ಕ ಯಂತ್ರ ಆ ಕಡೆ ಈ ಕಡೆ ಮುಖ ತಿರುಗಿಸುವುದರಲ್ಲೇ ಹೊತ್ತು ಕಳೆಯುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ಇದಕ್ಕೆ ಒಂದು ಹಳೆಯ ಅಂದಾಜು ನಿಯಮವಿದೆ: ಸುತ್ತಲಿನ 150 ಮೀಟರಿನೊಳಗಿರುವ ಅತಿ ಎತ್ತರದ ಅಡ್ಡಿಗಿಂತ ರೆಕ್ಕೆಯ ಕೆಳತುದಿ ಒಂಬತ್ತು ಮೀಟರ್ ಮೇಲಿರಬೇಕು. ನಮ್ಮ ಓಣಿಯ ಮೂಲೆಯಲ್ಲಿ ಐದು ಮಾಳಿಗೆಯ ಕಟ್ಟಡವಿದೆ, ಅದರ ನೀರಿನ ಟಾಕಿ ಸೇರಿ ಹದಿನೇಳು ಮೀಟರ್ ಇರಬಹುದು. ನಮ್ಮ ಮನೆ ಏಳು ಮೀಟರ್. ಅಂದರೆ ನನ್ನ ತಾರಸಿಯ ಮೇಲೆ ಇಪ್ಪತ್ತು ಮೀಟರಿನ ಕಂಬ. ಮನೆಯ ಮೂರು ಪಟ್ಟು ಎತ್ತರದ ಕಂಬವನ್ನು ಹೊತ್ತ ಮನೆ! ಸೊಸೈಟಿಯ ಸೆಕ್ರೆಟರಿ ಕಾಕಾ ಡಿಶ್ ಆ್ಯಂಟೆನಾಕ್ಕೇ ಅರ್ಜಿ ಕೇಳುವವರು.

ತಾರಸಿಯ ಮೇಲೆ ಇಂಥದ್ದನ್ನು ನಿಜವಾಗಿ ಕೂರಿಸಿ ಅಳೆದು ನೋಡಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 2009ರಲ್ಲಿ ಪ್ರಕಟವಾದ ವಾರ್ವಿಕ್ ಪರೀಕ್ಷೆಯಲ್ಲಿ ಕಟ್ಟಡಗಳ ಮೇಲಿನ 26 ಸಣ್ಣ ಗಾಳಿಯಂತ್ರಗಳನ್ನು ಗಮನಿಸಿದರು. ಇಂಗ್ಲೆಂಡ್ ಪುಣೆಗಿಂತ ಗಾಳಿ ಹೆಚ್ಚಿರುವ ನಾಡು. ಒಂದೊಂದು ಯಂತ್ರ ದಿನಕ್ಕೆ ಸರಾಸರಿ ಕೊಟ್ಟದ್ದು 214 ವಾಟ್-ಅವರ್, ಕಾಲು ಯೂನಿಟ್ಟಿಗೂ ಕಡಿಮೆ. ಇದನ್ನು ಓದಿದ ಮೇಲೆ ನನ್ನ 155 ಯೂನಿಟ್ಟಿನ ಲೆಕ್ಕವೇ ಧಾರಾಳವಾಯಿತೇನೋ ಅನ್ನಿಸಿತು.

ಕಂಬದ ಇನ್ನೊಂದು ತಾಪತ್ರಯವನ್ನು ಪುಣೆಯ ಯಾವ ಮನೆ ಮಾಲೀಕನಿಗೂ ವಿವರಿಸಬೇಕಾಗಿಲ್ಲ. ಗಂಟೆಗೆ 90 ಕಿಲೋಮೀಟರಿನ ಬಿರುಗಾಳಿ ಬಂದಾಗ ಆ ಎರಡು ಮೀಟರಿನ ಚಕ್ರದ ಮೇಲೆ ಬೀಳುವ ನೂಕು ನೂರು ಕಿಲೋಗೂ ಹೆಚ್ಚು. ಆರು ಮೀಟರ್ ಉದ್ದದ ಸನ್ನೆಕೋಲಿನ ತುದಿಯಲ್ಲಿ ಒಬ್ಬ ದಪ್ಪ ಮನುಷ್ಯ ಜೋತಾಡಿದ ಹಾಗೆ. ಅದರ ಬುಡ ನಿಂತಿರುವುದು ನಮ್ಮ ಸ್ಲ್ಯಾಬಿನಲ್ಲಿ ಕೊರೆದ ನಾಲ್ಕು ಬೋಲ್ಟಿನ ಮೇಲೆ. ದಿನವಿಡೀ ಗುಂಯ್‌ಗುಡುವ ಸಣ್ಣ ಅದುರು ಬೇರೆ. ಸ್ಲ್ಯಾಬು ಬೀಳುವುದಿಲ್ಲ ಅನ್ನೋಣ, ಆದರೆ ವಾಟರ್‌ಪ್ರೂಫಿಂಗ್ ಸೀಳುತ್ತದೆ. ಮುಂದಿನ ಮಳೆಗಾಲಕ್ಕೆ ಮಲಗುವ ಕೋಣೆಯ ಮೂಲೆಯಲ್ಲಿ ಬಕೆಟ್ಟು. ತಾರಸಿಗೆ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದವರನ್ನು ಕೇಳಿ ನೋಡಿ, ಎಷ್ಟು ವರ್ಷದ ಗಾಳಿ ಅದರಲ್ಲಿ ಕೊಚ್ಚಿಹೋಗುತ್ತದೆ ಅಂತ.

ಆನ್‌ಲೈನಿನಲ್ಲಿ ಮಾರುವ, ತಾವರೆ ಮೊಗ್ಗಿನ ಆಕಾರದ, ಬಣ್ಣಬಣ್ಣದ ಲಂಬ ಯಂತ್ರಗಳ ಬಗ್ಗೆಯೂ ಎರಡು ಮಾತು. ಅವು ಯಾವ ದಿಕ್ಕಿನ ಗಾಳಿಗೂ ತಿರುಗುತ್ತವೆ, ಸದ್ದು ಕಡಿಮೆ, ನೋಡಲು ಚೆಂದ. ಗಾಳಿಯಿಂದ ಹೀರುವ ಸಾಮರ್ಥ್ಯ ಮಾತ್ರ ರೆಕ್ಕೆಯ ಯಂತ್ರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಒಂದು ಜಾಹೀರಾತಿನಲ್ಲಿ ಅರ್ಧ ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರದ ಯಂತ್ರಕ್ಕೆ '5000 ವಾಟ್' ಎಂದು ಬರೆದಿತ್ತು. ಅಷ್ಟು ಜಾಗದಲ್ಲಿ, ಕೊಡೆ ಉಲ್ಟಾ ಮಾಡುವ 12 ಮೀಟರಿನ ಗಾಳಿಯಲ್ಲೂ, ಒಟ್ಟು ಇರುವ ಶಕ್ತಿಯೇ ಪುಣೆಯಲ್ಲಿ 380 ವಾಟ್. ಅರ್ಧ ಲೀಟರಿನ ತಂಬಿಗೆಯಲ್ಲಿ ಆರೂವರೆ ಲೀಟರ್ ಹಾಲು ತುಂಬಿಸಿಕೊಡುತ್ತೇನೆ ಅಂದ ಹಾಗಾಯಿತು. ಕೊಳ್ಳುವ ಮೊದಲು ವಾಟ್ ನೋಡಬೇಡಿ, ಟೇಪು ಹಿಡಿದು ಅಗಲ-ಎತ್ತರ ಗುಣಿಸಿ. ಒಂದು ಚದರ ಮೀಟರಿಗೆ ಆ ಗಾಳಿಯಲ್ಲಿ 300 ವಾಟಿಗಿಂತ ಬಹಳ ಹೆಚ್ಚು ಹೇಳುವ ಸಣ್ಣ ಯಂತ್ರದ ಮಾತನ್ನು ಅನುಮಾನದಿಂದಲೇ ಕೇಳಿ.

ಹಾಗಾದರೆ ಮಾಮಾನ ಊರಿನ ಫ್ಯಾನುಗಳು ಹೇಗೆ ದುಡಿಯುತ್ತವೆ? ಅವರು ಕೇಳಿದ್ದೂ ಇದನ್ನೇ. "ಅವರೇನು ಹುಚ್ಚರೇನ್ಲೇ, ಕೋಟಿಗಟ್ಟಲೆ ಸುರುವಾಕ?"

ಹುಚ್ಚರಲ್ಲ. ಅವರು ಗಾಳಿ ಇರುವಲ್ಲಿಗೆ ಹೋಗಿದ್ದಾರೆ. ಪುಣೆಯಿಂದ ಊರಿಗೆ ಹೋಗುವಾಗ ಸಾತಾರಾ ಬಳಿ ಹೆದ್ದಾರಿ ಬಿಟ್ಟು ಠೋಸೇಘರ್ ಜಲಪಾತದ ಕಡೆ ಏರಿದರೆ ಚಾಳಕೇವಾಡಿ ಸಿಗುತ್ತದೆ. ಕೊಯ್ನಾ ಕಣಿವೆಯ ಮೇಲೆ ವಾಂಕುಸವಡೆಯ ಬಯಲು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಬೋಳು ಪ್ರಸ್ಥಭೂಮಿ. ಮಾನ್ಸೂನ್ ಗಾಳಿ ಕೊಂಕಣದಿಂದ ಏರಿ ಬಂದು ಆ ಬಯಲಿಗೆ ಬಡಿಯುತ್ತದೆ. ಜುಲೈನಲ್ಲಿ ಅಲ್ಲಿ ಕಾರಿನ ಬಾಗಿಲು ತೆರೆಯಲು ಎರಡೂ ಕೈ ಬೇಕು. ಈಗಿನ ದೊಡ್ಡ ಯಂತ್ರಗಳ ಚಕ್ರದ ವ್ಯಾಸ 120 ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು, ನೂರು ಮೀಟರಿಗೂ ಎತ್ತರದ ಗೋಪುರ. ನನ್ನ ಎರಡು ಮೀಟರಿನದಕ್ಕೆ ಹೋಲಿಸಿದರೆ ಅದು ಹಿಡಿಯುವ ಗಾಳಿ ಕಡಿಮೆಯೆಂದರೂ 3,600 ಪಟ್ಟು. ವರ್ಷಪೂರ್ತಿ ಪೂರ್ಣ ಶಕ್ತಿಯಲ್ಲಿ ಓಡಿದ್ದರೆ ಎಷ್ಟೋ ಅದರ ಕಾಲು ಭಾಗದಷ್ಟನ್ನು ಅವು ಕೊಡುತ್ತವೆ. ನನ್ನ ತಾರಸಿಯದು ಕೊಡುವುದು ಎರಡು ಶೇಕಡಾಕ್ಕಿಂತ ಕಡಿಮೆ. ಬೆಲೆಯಲ್ಲೂ ವ್ಯತ್ಯಾಸ: ದೊಡ್ಡದು ಮೆಗಾವಾಟಿಗೆ ಸುಮಾರು ಏಳೆಂಟು ಕೋಟಿ, ಅಂದರೆ ಕಿಲೋವಾಟಿಗೆ ಎಪ್ಪತ್ತು-ಎಂಬತ್ತು ಸಾವಿರ. ನನಗೆ ಹೇಳಿದ್ದು ಎರಡು ಲಕ್ಷ.

ಪುಣೆಯ ಹಡಪ್ಸರಿನಲ್ಲಿ ಮುಖ್ಯ ಕಚೇರಿ ಇರುವ ಗಾಳಿಯಂತ್ರ ಕಂಪನಿ ಸುಜ್ಲಾನ್ ಹುಟ್ಟಿದ್ದು ಇಂಥದೇ ಒಂದು ಬಿಲ್ಲಿನ ಸಿಟ್ಟಿನಿಂದ. ತುಳಸಿ ತಾಂತಿ ಗುಜರಾತಿನಲ್ಲಿ ಬಟ್ಟೆ ಉದ್ಯಮ ನಡೆಸುತ್ತಿದ್ದಾಗ ಕರೆಂಟಿನ ಖರ್ಚು ತಾಳಲಾರದೆ ಎರಡು ಗಾಳಿಯಂತ್ರ ಕೊಂಡರು. 1995ರಲ್ಲಿ ಅದನ್ನೇ ಕಂಪನಿ ಮಾಡಿದರು. ಬಟ್ಟೆ ಉದ್ಯಮಕ್ಕೆ ಬೇಕಾದ ಕರೆಂಟಿಗೆ ಅಳತೆಯೂ ದೊಡ್ಡದಿತ್ತು, ಗುಜರಾತಿನ ಬಯಲಿನಲ್ಲಿ ಗಾಳಿಯೂ ಇತ್ತು. ನಮ್ಮ ಧಾಯರಿಯ ಓಣಿಯಲ್ಲಿ ಬಿಲ್ಲಿನ ಸಿಟ್ಟೊಂದೇ ಇದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುವುದು ಈ ಉದ್ಯಮಕ್ಕೆ ಚೆನ್ನಾಗಿ ಹೊಂದುತ್ತದೆ. ಯೂನಿಟ್ಟಿಗೆ ಹದಿಮೂರು ರೂಪಾಯಿ ಕೊಡುವ ಮನೆ ಗಾಳಿಯಿಲ್ಲದ ನಗರದಲ್ಲಿದೆ. ಗಾಳಿಯಿರುವ ಬಯಲಿನ ಮನೆ ತಿಂಗಳಿಗೆ ಅರವತ್ತು ಯೂನಿಟ್ ಬಳಸಿ ಮೊದಲ ಮೆಟ್ಟಿಲಿನಲ್ಲೇ ಉಳಿಯುತ್ತದೆ, ಅದಕ್ಕೆ ಉಳಿಯುವುದು ಯೂನಿಟ್ಟಿಗೆ ಆರು ರೂಪಾಯಿ. ಗೋವಾದಲ್ಲಿ ಕಡಲತೀರದ ಗಾಳಿ ಪುಣೆಗಿಂತ ಚೆನ್ನಾಗಿದೆ, ಆದರೆ ಅಲ್ಲಿ ಮನೆಬಳಕೆಯ ದರ ಮಹಾರಾಷ್ಟ್ರಕ್ಕಿಂತ ಬಹಳ ಅಗ್ಗ. ವಾಸ್ಕೋದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಈ ಲೆಕ್ಕ ಹೇಳಿದರೆ ತನ್ನ ಬಿಲ್ಲು ತೋರಿಸಿ ನಕ್ಕ. ಮುಂಬೈಯ ಇಪ್ಪತ್ತು ಮಾಳಿಗೆಯ ಕಟ್ಟಡದ ತುದಿಯಲ್ಲಿ, ಮುಂದೆ ಸಮುದ್ರವೇ ಇದ್ದರೆ, ಮಧ್ಯಾಹ್ನದ ಕಡಲಗಾಳಿ ಒಳ್ಳೆಯದು. ಅಲ್ಲಿ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಮತ್ತು ಆ ತಾರಸಿ ಯಾರೊಬ್ಬರದೂ ಅಲ್ಲ.

ಎಲ್ಲಿ ಹಾಕಬಹುದು ಅಂತ ಕೇಳಿದರೆ ನನ್ನ ಉತ್ತರ ಇಷ್ಟು. ಲೈನು ಬಾರದ, ಡೀಸೆಲ್ ಜನರೇಟರಿನಲ್ಲಿ ನಡೆಯುವ, ಘಟ್ಟದ ಅಂಚಿನ ಅಥವಾ ಬೋಳು ಗುಡ್ಡದ ಮೇಲಿನ ತೋಟದ ಮನೆಗೆ. ಡೀಸೆಲ್ಲಿನ ಕರೆಂಟು ಯೂನಿಟ್ಟಿಗೆ ಇಪ್ಪತ್ತೈದು-ಮೂವತ್ತು ರೂಪಾಯಿ ಬೀಳುತ್ತದೆ, ಆಗ ಸರಾಸರಿ ಐದಾರು ಮೀಟರಿನ ಗಾಳಿ ಇದ್ದರೆ ಲೆಕ್ಕ ಕೂಡುತ್ತದೆ. ಅಲ್ಲೂ ಮೊದಲು ಸೋಲಾರ್ ಹಾಕಿ, ಮಳೆಗಾಲದ ಕೊರತೆಗೆ ಗಾಳಿಯನ್ನು ಜೊತೆ ಮಾಡಿ. ಅದಕ್ಕೂ ಮೊದಲು ಗ್ಲೋಬಲ್ ವಿಂಡ್ ಅಟ್ಲಾಸ್ ಎಂಬ ಉಚಿತ ನಕ್ಷೆಯಲ್ಲಿ ನಿಮ್ಮ ಜಾಗ ಹುಡುಕಿ. ಅದು 10 ಮೀಟರ್ ಎತ್ತರದ ಸರಾಸರಿಯನ್ನೂ ತೋರಿಸುತ್ತದೆ. ನೋಡಬೇಕಾದದ್ದು ಅದನ್ನೇ. 100 ಮೀಟರಿನ ಅಂಕಿ ತೋರಿಸಿ ಮಾರುವವರಿದ್ದಾರೆ. ನಿಮ್ಮ ಕಂಬ ಅಲ್ಲಿಗೆ ಹೋಗುವುದಿಲ್ಲ.

ಪುಣೆಯ ತಾರಸಿಗೆ ಸೋಲಾರ್‌ನ ಲೆಕ್ಕ ಬೇಗ ಮುಗಿಯುತ್ತದೆ. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ 1,400ರ ಆಸುಪಾಸು. ಅದೇ ಒಂದು ಕಿಲೋವಾಟ್ ಹೆಸರಿನ ಗಾಳಿಯಂತ್ರದ ಒಂಬತ್ತು ಪಟ್ಟು. 2024ರ ಫೆಬ್ರವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60,000, ಮೂರು ಮತ್ತು ಅದಕ್ಕೂ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ. ಗಾಳಿಯಂತ್ರಕ್ಕೆ ಆ ಯೋಜನೆಯಲ್ಲಿ ಒಂದು ಪೈಸೆಯೂ ಇಲ್ಲ. ತಿರುಗುವ ಭಾಗವಿಲ್ಲ, ಗ್ರೀಸಿಲ್ಲ, ವಾರಕ್ಕೊಮ್ಮೆ ಧೂಳು ತೊಳೆದರೆ ಆಯಿತು. ನಮ್ಮದು ಈಗ ಅರ್ಜಿಯ ಹಂತದಲ್ಲಿದೆ.

ಆದರೆ ಈ ಲೆಕ್ಕಾಚಾರದಲ್ಲಿ ನನ್ನನ್ನು ಸುಮ್ಮನೆ ಕೂರಿಸಿದ್ದು ಸೋಲಾರ್ ಅಲ್ಲ, ತಲೆಯ ಮೇಲೆ ತಿರುಗುತ್ತಿದ್ದ ಹಳೇ ಸೀಲಿಂಗ್ ಫ್ಯಾನು. ಅದು 75 ವಾಟಿನದು. ಈಗ ಬರುವ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು 30 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಉಳಿದದ್ದು 45 ವಾಟ್. ಚಳಿಯ ಮೂರು ತಿಂಗಳು ಬಿಟ್ಟು 270 ದಿನ, ದಿನಕ್ಕೆ ಹನ್ನೆರಡು ಗಂಟೆ ಅಂತ ಹಿಡಿದರೆ ವರ್ಷಕ್ಕೆ 145 ಯೂನಿಟ್. ಬೆಲೆ ಸುಮಾರು ಮೂರು ಸಾವಿರ. ಎರಡು ಲಕ್ಷದ ಗಾಳಿಯಂತ್ರ ಹುಟ್ಟಿಸುವ ಹೆಚ್ಚುಕಡಿಮೆ ಅಷ್ಟನ್ನೇ ಮೂರು ಸಾವಿರದ ಒಂದು ಫ್ಯಾನು ತಿನ್ನದೆ ಉಳಿಸುತ್ತದೆ. ಮೂರು ಸಲ ಗುಣಿಸಿ ನೋಡಿದೆ, ಉತ್ತರ ಬದಲಾಗಲಿಲ್ಲ.

ಮಾಮಾ ಕಾರ್ತಿಕದಲ್ಲಿ ಎರಡನೇ ಕಣ್ಣಿನ ಆಪರೇಷನ್ನಿಗೆ ಬಂದಾಗ ಹಾಲ್‌ನಲ್ಲಿ ಹೊಸ ಫ್ಯಾನು ಬಂದಿತ್ತು, ರಿಮೋಟ್ ಸಹಿತ. ಕ್ಯಾಲೆಂಡರಿನ ಸೊನ್ನೆಗಳನ್ನೂ ಕೊಟೇಶನ್ನನ್ನೂ ಪಕ್ಕಪಕ್ಕ ಇಟ್ಟು ಎಲ್ಲ ಹೇಳಿದೆ. ಅವರು ಕೇಳಿಸಿಕೊಳ್ಳುತ್ತ ರಿಮೋಟ್ ಒತ್ತಿ ಒಂದರಿಂದ ಐದರವರೆಗೆ ಹೋಗಿ ಬಂದರು.

"ಅಂದ್ರ, ಕರೆಂಟ್ ಕೊಡೂ ಫ್ಯಾನಿಗಿಂತ ಕರೆಂಟ್ ತಿನ್ನೂ ಫ್ಯಾನ್ ಚಲೋ ಅಂತಿ?"

"ಇಲ್ಲಿ ಮಟ್ಟಿಗೆ ಹೌದ್ರಿ ಮಾಮಾ. ನಿಮ್ಮ ಗುಡ್ಡದ ಮ್ಯಾಲಿಂದು ಬ್ಯಾರೆ."

ಹಸಿರು ಕನ್ನಡಕ ಹಾಕಿಕೊಂಡೇ ಊರಿಗೆ ಹೊರಟರು. ಸ್ವಾರಗೇಟಿನಲ್ಲಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಎದುರಿನ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ನನ್ನಿಂದ ಮರಾಠಿಯಲ್ಲಿ ಚೌಕಾಸಿ ಮಾಡಿಸಿ, ಎರಡು ಪೆಟ್ಟಿಗೆ ಕಟ್ಟಿಸಿಕೊಂಡರು. ಒಂದು ಪಡಸಾಲೆಗಂತೆ, ಇನ್ನೊಂದು ಅತ್ತೆಯ ಅಡುಗೆಮನೆಗಂತೆ.